ಬಾರಿನ ಚೀಟಿ ದುಡ್ಡಿನಲ್ಲಿ ಆರು ಜಾರುಗಾಡಿ

ಮಾರ್ಚ್ ೧೧, ಮಂಗಳವಾರ

ಗೆದ್ದೆವು!

ಬಾರುಗಳಲ್ಲಿ ಜನ ಹರಿದು ಆಡುವ ಜೂಜಿನ ಚೀಟಿಯ ಲಾಭದಲ್ಲಿ ಹತ್ತರಲ್ಲೊಂದು ಪಾಲನ್ನು ನಮ್ಮ ನಗರಸಭೆ ಸಂಘಗಳಿಗೆ ಹಂಚುತ್ತದೆ. ನಡೆಯಲಾಗದ ಮಕ್ಕಳು ಮಂಜುಗಡ್ಡೆಯ ಮೇಲೆ ಕೂತೇ ಹಾಕಿ ಆಟ ಆಡುವ ಆರು ಜಾರುಗಾಡಿ ನಮಗೆ ಬೇಕಿತ್ತು. ಸಿಗದಿದ್ದರೆ ನನ್ನ ತಮ್ಮ ಸೋರೆನ್‌ನ ಟೀಮೇ ಮುಚ್ಚಿಹೋಗುತ್ತಿತ್ತು. ನಗರಸಭೆಯ ಮುಂದೆ ನಿಂತು ಕೇಳಬೇಕಾದವಳು ನಾನು.

ಎರಡು ವಾರ ಹಾಸ್ಟೆಲ್ ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡಿದ್ದೆ. ಸಭೆಯಲ್ಲಿ ಬಾಯಿಂದ ಬಂದದ್ದೇನು? "ನಮಗಿಂತ ಕಷ್ಟದಲ್ಲಿರೋರಿದ್ರೆ ಅವ್ರಿಗೇ ಕೊಡಿ, ಪರವಾಗಿಲ್ಲ." ನಮ್ಮ ಮಿನೆಸೋಟಾದವರ ಸಂಕೋಚದ ರೋಗ ಇದು. ಕಾಫಿಯನ್ನೂ ಮೂರು ಸಲ ಬೇಡವೆಂದ ಮೇಲೇ ಕುಡಿಯುತ್ತೇವೆ.

ನಗರಸಭೆಯ ಅಧ್ಯಕ್ಷೆ ಆರ್ಡಿಸ್ ಅಜ್ಜಿ ಕನ್ನಡಕ ಇಳಿಸಿದರು. "ಏನೇ ಹುಡುಗಿ, ಥೇಟ್ ನಿಮ್ಮಜ್ಜಿ ಥರಾನೇ ಆಡ್ತೀಯಲ್ಲ! ಇದು ಚರ್ಚಲ್ಲಿ ಮೂರು ಸಲ ಕೇಳಿ ಕೊಡೋ ಕಾಫಿ ಅಲ್ಲ, ನಾನು ಒಂದೇ ಸಲ ಕೇಳೋದು. ಬೇಕೋ, ಬೇಡ್ವೋ?"

"ಬೇಕು!" ಕಿರುಚಿಯೇಬಿಟ್ಟೆ. "ಆರೂ ಬೇಕು. ಒಂದೂ ಕಮ್ಮಿ ಮಾಡ್ಬೇಡಿ!"

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಐದಕ್ಕೆ ಐದೂ ವೋಟು ನಮಗೇ. ಸೋರೆನ್ ವೀಲ್‌ಚೇರಿನಲ್ಲೇ ಗಿರಗಿರನೆ ಸುತ್ತಿ ಯಾರದೋ ಕಾಲ ಮೇಲೆ ಚಕ್ರ ಹತ್ತಿಸಿದ.

ನಾಚಿಕೆಯಾಗಬೇಕಿತ್ತು, ಆಗುತ್ತಲೇ ಇಲ್ಲ. ನಾಳೆ ಕೆಮಿಸ್ಟ್ರಿ ಟೆಸ್ಟ್, ಒಂದಕ್ಷರ ಓದಿಲ್ಲ. ಇರಲಿ. ಆರು ಜಾರುಗಾಡಿ! ಆರಕ್ಕೆ ಆರೂ, ನಾನು ಬಾಯಿಬಿಟ್ಟು ಕೇಳಿ ಪಡೆದದ್ದು!