ಎಡಗಡೆ ಬಿದ್ದ ಹೂ

14 ನವೆಂಬರ್ 2025, ಶುಕ್ರವಾರ

ಕುದೂರಿನ ಸಂಬಂಧ ಮುರಿದುಬಿತ್ತು. ಸೋಮವಾರ ಅವರು ಮನೆದೇವರ ಮುಂದೆ ಕೂತು ಹೂ ಕೇಳಿದರಂತೆ. ವಿಗ್ರಹದ ಎಡಗಡೆಯಿಂದ ಬಿತ್ತಂತೆ, ಅಂದರೆ ಬೇಡ ಎಂದು. ಹುಡುಗ ಅಶ್ವಥ್‌ನ ಸೋದರಮಾವ ಇವತ್ತು ಅಪ್ಪನಿಗೆ ಫೋನ್ ಮಾಡಿ ಇಷ್ಟು ಹೇಳಿ ಇಟ್ಟುಬಿಟ್ಟರು.

ಹೋದ ತಿಂಗಳು ನಾವು ಕೇಳಿದಾಗ ನಮ್ಮ ದೇವರು ಬಲಗಡೆಯೇ ಕೊಟ್ಟಿತ್ತು.

“ದೇವ್ರೇ ಒಪ್ಪಲಿಲ್ಲ, ನಾವೇನ್ ಮಾಡಾದು? ಹಣೇಲಿ ಬರ್ದಿಲ್ಲ ಕಣವ್ವ,” ಎಂದು ಅಪ್ಪ ಟಿವಿ ಹಾಕಿಕೊಂಡರು. ಧಾರಾವಾಹಿ ನೋಡುವವರಲ್ಲ ಅವರು, ಮುಗಿಯುವವರೆಗೂ ನೋಡಿದರು.

ನಾನು ಅಳಲಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ, “ಯಾರ್ ಏನೇ ಅಂದ್ರೂ ನಾನ್ ಒಪ್ಪುಸ್ತೀನಿ,” ಎಂದಿದ್ದ ಅಶ್ವಥ್. ಸೋಮವಾರವೇ ಗೊತ್ತಿದ್ದರೂ ನನಗೊಂದು ಮಾತು ಹೇಳಲಿಲ್ಲ. ಮಂಗಳವಾರ ರಾತ್ರಿ ಎಂದಿನಂತೆ ‘ಊಟ ಆಯ್ತಾ’ ಎಂದು ಮೆಸೇಜ್ ಹಾಕಿದ್ದ. ಹೂ ಎಡಕ್ಕೆ ಬಿದ್ದದ್ದು ದೇವರ ಇಷ್ಟ ಇರಬಹುದು. ಇವನು ಬಾಯಿ ಮುಚ್ಚಿಕೊಂಡಿದ್ದು ಯಾರ ಇಷ್ಟ?

ಹಾಸಿಗೆ ಹಾಸುವಾಗ ಅವ್ವನನ್ನು ಅದನ್ನೇ ಕೇಳಿದೆ. ಅವಳು ದಿಂಬು ಕೊಡವುತ್ತಾ, “ಅದುನ್ನೂ ದೇವ್ರ ತಲೆಗೇ ಕಟ್ಬುಡವ್ವ, ಒಸಿ ನಿದ್ದೆನಾದ್ರೂ ಬತ್ತದೆ,” ಎಂದಳು.

ಕಟ್ಟಿ ನೋಡಿದೆ. ಆದರೆ ದೇವರ ಮೇಲೆ ನನಗೆ ಸಿಟ್ಟೇ ಇಲ್ಲವಲ್ಲ.