ಎಣ್ಣೆ ಬಿಟ್ಟವನು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎಂಟಕ್ಕೆ ವಿಮಾ ಕಚೇರಿಯ ಲಿಫ್ಟು. ಮೂರನೇ ಮಹಡಿಯಲ್ಲಿ ಬಾಗಿಲು ಅರ್ಧ ತೆರೆದು, ಯೋಚನೆ ಮಾಡುತ್ತಾ ನಿಂತುಬಿಡುತ್ತದಂತೆ. ಬಾಗಿಲ ಹಳಿಯಲ್ಲಿ ಯಾರದೋ ಕೋಟಿನ ಗುಂಡಿ ಸಿಕ್ಕಿಕೊಂಡಿತ್ತು. ತೆಗೆದೆ. ಆಮೇಲೆ ಮೇಲಕ್ಕೆ, ಮೋಟಾರ್ ರೂಮಿಗೆ.

ಗಡಾರಿ ಆಗಲೇ ಗೇರ್ ಬಾಕ್ಸ್ ಬಿಚ್ಚಿಕೊಂಡು ಕೂತಿದ್ದ. ಹದಿನೇಳು ವರ್ಷದಿಂದ ನನ್ನ ಜೋಡಿ. ಕಬ್ಬಿಣದ ಹಾರೆಯ ಹಾಗೆ ಉದ್ದಕ್ಕೆ, ನೆಟ್ಟಗೆ, ಬಗ್ಗದೆ ಇದ್ದಾನೆಂದು ಯಾರೋ ಇಟ್ಟ ಹೆಸರು. ಹಾಜರಿ ಪುಸ್ತಕದಲ್ಲಿ ತನ್ನ ನಿಜವಾದ ಹೆಸರು ಕಂಡರೆ ಅವನೇ ಒಂದು ಕ್ಷಣ ಯಾರಿದು ಎಂದು ನೋಡುತ್ತಾನೆ. ಕೆಲಸದ ಹೊತ್ತಿನಲ್ಲಿ ದಿನಕ್ಕೆ ಹತ್ತು ಮಾತು. ಅದರಲ್ಲಿ ಆರು 'ಸ್ಪ್ಯಾನರ್'.

"ಶನಿವಾರ ಯಾಕೆ ಬರಲಿಲ್ಲ?"

"ಎಣ್ಣೆ ಬಿಟ್ಟೆ."

ಗೇರ್ ಬಾಕ್ಸಿನೊಳಗೆ ಬಗ್ಗಿ ನೋಡಿದ. "ಎಲ್ಲಿ ಬಿಟ್ಟಿದೀಯ? ಒಣಗಿದೆ."

"ಇದಕ್ಕಲ್ಲ ಮಾರಾಯ. ನಾನು ಬಿಟ್ಟೆ. ಕುಡಿಯೋದು."

ಸ್ಪ್ಯಾನರ್ ಕೆಳಗಿಟ್ಟ. "ಯಾಕೆ?"

"ಸುಮ್ಮನೆ."

"ಸುಮ್ಮನೆ ಯಾರೂ ಬಿಡಲ್ಲ. ಸುಮ್ಮನೆ ಕುಡೀತಾರೆ."

ಇಬ್ಬರೂ ಸೇರಿ ಗೇರ್ ಬಾಕ್ಸಿಗೆ ಎಣ್ಣೆ ಬಿಟ್ಟೆವು.

ಮಾರ್ಚ್ 6, ಗುರುವಾರ

ನನಗೆ ಕಾಯಿಲೆಯಂತೆ. ಇವತ್ತು ಗೊತ್ತಾಯಿತು.

ನಮ್ಮ ಲಿಫ್ಟ್ ಕಂಪನಿಯ ಸ್ಟೋರ್ ನೋಡಿಕೊಳ್ಳುವವನನ್ನು ನಾವು ವಾರ್ತೆ ಅನ್ನುತ್ತೇವೆ. ಅವನ ಕಿವಿಗೆ ಬಿದ್ದದ್ದು ಊಟದ ಹೊತ್ತಿಗೆ ಇಡೀ ಡಿಪೋಗೆ ಬಿದ್ದಿರುತ್ತದೆ. ಆರು ತಿಂಗಳಿಂದ ಹೊಸ ಕೈಗವಸು ಕೇಳುತ್ತಿದ್ದೆ. 'ಸ್ಟಾಕ್ ಇಲ್ಲ' ಅನ್ನುತ್ತಿದ್ದ. ಇವತ್ತು ಕೇಳದೆಯೇ ಎರಡು ಜೊತೆ ತಂದುಕೊಟ್ಟ. ಕಣ್ಣಲ್ಲಿ ನೀರು.

"ಡಾಕ್ಟ್ರು ಏನಂದ್ರು ಅಣ್ಣ?"

"ಯಾವ ಡಾಕ್ಟ್ರು?"

"ಆಯ್ತು ಬಿಡಿ. ಹೇಳೋಕೆ ಕಷ್ಟ ಆದ್ರೆ ಬೇಡ."

ಮಧ್ಯಾಹ್ನ ಸೂಪರ್‌ವೈಸರ್ ಕರೆಸಿದರು. ಎಂಟನೇ ಮಹಡಿಗಿಂತ ಎತ್ತರದ ಕಟ್ಟಡ ಇನ್ನು ಮೇಲೆ ನನಗೆ ಬೇಡವಂತೆ. ಲಿವರ್ ಅನ್ನುವುದು ಬಹಳ ಸೂಕ್ಷ್ಮವಂತೆ. ಅವರ ಷಡ್ಡಕನಿಗೂ ಹೀಗೇ ಆಗಿತ್ತಂತೆ. "ಈಗ ಹೇಗಿದಾರೆ ಸಾರ್?" ಅಂದೆ. ಕಿಟಕಿ ಕಡೆ ನೋಡಿದರು.

ಮನೆಗೆ ಬಂದು ಇವಳಿಗೆ ಹೇಳಿದರೆ ನಗಲಿಲ್ಲ. "ನಿಜವಾಗ್ಲೂ ಏನಿಲ್ಲ ತಾನೆ?" ಅಂದಳು. ಸುಮ್ಮನೆ ಬಿಟ್ಟೆ ಎಂದರೆ ಕಟ್ಟಿಕೊಂಡವಳೂ ನಂಬುವುದಿಲ್ಲ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ನಿನ್ನೆ ಹೋದೆ. ಕುಡಿಯದಿದ್ದರೇನು, ಗೆಳೆಯರ ಜೊತೆ ಕೂರಬಾರದೆಂದು ಎಲ್ಲಿದೆ... ಜೊತೆಗೆ ಇವಳೇ ಹೊರಡಿಸಿದಳು. "ಇಷ್ಟು ವರ್ಷ ಶನಿವಾರ ಮಧ್ಯಾಹ್ನ ಕಾಲು ಚಾಚಿ ಮಲಗ್ತಿದ್ದೆ. ನೀವು ಮನೇಲಿ ಕೂತು ಆ ಡಬ್ಬ ಯಾಕೆ ಇಲ್ಲಿದೆ, ಈ ಡಬ್ಬ ಯಾಕೆ ಅಲ್ಲಿದೆ ಅಂದ್ರೆ ನನಗಾಗಲ್ಲ. ಹೋಗಿ ಬನ್ನಿ."

ಶನಿವಾರ ಅರ್ಧ ದಿನ ಕೆಲಸ. ಎರಡು ಗಂಟೆಗೆ ಡಿಪೋ ಎದುರಿನ ಬಾರಿನ ಹಿಂದಿನ ಹಾಲ್‌ನಲ್ಲಿ ನಾವು ಆರು ಜನ. ಅದೇ ಮೇಜು.

ಸಪ್ಲೈಯರ್ ಬಂದ. "ಸೋಡಾ" ಅಂದೆ.

"ಸೋಡಾಗೆ ಏನು ಹಾಕ್ಲಿ ಅಣ್ಣ?"

"ಸೋಡಾನೇ."

ತಲೆ ಕೆರೆದುಕೊಂಡು ಒಳಗೆ ಹೋದ. ಅಡುಗೆಯವನು ಬಾಗಿಲಿಗೆ ಬಂದು ನನ್ನನ್ನು ನೋಡಿ ಹೋದ.

ಒಂದು ಗಂಟೆ ಚೆನ್ನಾಗಿತ್ತು. ಎರಡನೇ ಗಂಟೆಯಲ್ಲಿ ಗೊತ್ತಾಯಿತು — ನಾವು ಹೇಳುವ ಕಥೆಗಳು ಒಟ್ಟು ನಾಲ್ಕು. ನಾಲ್ಕೂ ಆದ ಮೇಲೆ ಮತ್ತೆ ಮೊದಲನೆಯದು ಶುರುವಾಗುತ್ತದೆ, ಅದೇ ಜಾಗದಲ್ಲಿ ಅದೇ ನಗು. ಮಂತ್ರಿಗಳ ಜೊತೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಕಥೆ ನನ್ನದು. ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ನಿನ್ನೆ ವಾರ್ತೆ ಅದನ್ನು ತನಗೇ ಆದದ್ದೆಂದು ಹೇಳಿದ. ಆಕ್ಷೇಪಣೆ ಎತ್ತಲು ಬಾಯಿ ತೆರೆದವನು ನೆನಪಿಸಿಕೊಂಡೆ: ಅದು ನನಗೂ ಆದದ್ದಲ್ಲ. ಮೊದಲಿದ್ದ ಫೋರ್‌ಮನ್‌ಗೆ ಆದದ್ದು.

ಆಮೇಲೆ ಎಲ್ಲರೂ ಒಮ್ಮೆಗೇ ಕಂಡುಹಿಡಿದರು, ಕುಡಿಯದವನು ಗಾಡಿ ಓಡಿಸಬಹುದು. ಕಂಪನಿಯ ವ್ಯಾನಿನಲ್ಲಿ ಒಬ್ಬೊಬ್ಬರನ್ನೇ ಅವರವರ ಮನೆಗೆ ಇಳಿಸಿದೆ. ಕೊನೆಗೆ ಉಳಿದವನು ಗಡಾರಿ. ಬಿಸಿಲು ಇನ್ನೂ ಇತ್ತು. ಮನೆ ಮುಂದೆ ನಿಲ್ಲಿಸಿದರೆ ಇಳಿಯಲೊಲ್ಲ.

"ಅವಳು ಹೋಗಿ ಎರಡು ತಿಂಗಳಾಯ್ತು."

ನಾನು "ಅಯ್ಯೋ" ಅಂದೆ.

ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ತಮ್ಮ ಅಕ್ಕನ ಮನೆಗೆ ಹೋಗಿಬಿಟ್ಟಿದ್ದಾರೆ. ಹೊಡೆತ ಬಡಿತ ಇಲ್ಲ, ಜಗಳವೂ ಇಲ್ಲ. ಮನೆಯಲ್ಲಿ ಇವನು ಮಾತಾಡುವುದಿಲ್ಲ, ಅಷ್ಟೇ. "ಹೊರಡೋ ದಿನ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ಲು. ತುಂಬಾ ಹೊತ್ತು ನಿಂತಿದ್ಲು. ನಾನು ಏನಾದ್ರೂ ಹೇಳ್ಲಿ ಅಂತ. ನಾನೇನು ಹೇಳಿದೆ ಗೊತ್ತಾ?"

"ಏನು?"

"ಗೇಟ್ ಹಾಕ್ಕೊಂಡು ಹೋಗು ಅಂದೆ."

ಆಮೇಲೆ ಅವಳಿಗೆ ಹೇಳಬೇಕಾಗಿದ್ದನ್ನೆಲ್ಲ ನನಗೆ ಹೇಳಿದ. ಮುಕ್ಕಾಲು ಗಂಟೆ. ಇವನೊಳಗೆ ಇಷ್ಟೊಂದು ಮಾತು ಎಲ್ಲಿತ್ತೋ. ಇಳಿಯುವಾಗ ಭುಜ ಹಿಡಿದು, "ಯಾರಿಗೂ ಹೇಳ್ಬೇಡ. ನಿನಗೊಬ್ಬನಿಗೇ ಹೇಳಿರೋದು." ಹಗ್ಗದ ಮೇಲೆ ಒಣಗುತ್ತಿದ್ದವು ಅವನ ಎರಡು ಯೂನಿಫಾರ್ಮ್ ಮಾತ್ರ.

ಮಾರ್ಚ್ 10, ಸೋಮವಾರ

"ಮನೇಲಿ ಹೇಗಿದೆ?" ಎಂದು ಮೆಲ್ಲಗೆ ಕೇಳಿದೆ.

"ಎಲ್ಲ ಚೆನ್ನಾಗಿದೆ. ಸ್ಪ್ಯಾನರ್."

ಒಂದಿಷ್ಟೂ ನೆನಪಿಲ್ಲ ಅವನಿಗೆ.

ಮಾರ್ಚ್ 13, ಗುರುವಾರ

ಭಾವಮೈದ ಊಟಕ್ಕೆ ಬಂದಿದ್ದ, ಕಂಕುಳಲ್ಲಿ ಬಾಟಲಿ. ಕುಡಿಯಲ್ಲ ಎಂದೆ. "ನನ್ನ ಜೊತೇಲಿ ಕುಡಿಯಲ್ಲ ಅಂತೀರೋ, ಯಾರ ಜೊತೇನೂ ಕುಡಿಯಲ್ಲ ಅಂತೀರೋ?" ಯಾರ ಜೊತೆಯೂ ಇಲ್ಲ ಎಂದೆ. ಅವನಿಗೆ ಸ್ವಲ್ಪ ಸಮಾಧಾನವಾಯಿತು. ಐದು ನಿಮಿಷ ಬಿಟ್ಟು, "ಆದ್ರೂ ನನ್ನ ಜೊತೆ ಕುಡೀಬೇಕಿತ್ತು ಭಾವ." ಹೋಗುವಾಗ ಬಾಟಲಿಯನ್ನು ವಾಪಸ್ ತೆಗೆದುಕೊಂಡು ಹೋದ. ಇವಳು ಹೇಳಿದಳು, ಮದುವೆಯಾದ ಮೇಲೆ ಅವಳ ತಮ್ಮನೂ ನಾನೂ ಇಷ್ಟು ಕಡಿಮೆ ಮಾತಾಡಿದ್ದು ಇದೇ ಮೊದಲಂತೆ.

ಮಾರ್ಚ್ 16, ಭಾನುವಾರ

ನಿನ್ನೆ ವ್ಯಾನಿನಲ್ಲಿ ಮತ್ತೆ. "ಯಾರಿಗೂ ಹೇಳಿಲ್ಲ, ನಿನಗೊಬ್ಬನಿಗೇ ಹೇಳ್ತಾ ಇದೀನಿ." ಗೊತ್ತು ಎನ್ನಲು ಬಾಯಿ ಬರಲಿಲ್ಲ. ಪೂರ್ತಿ ಕೇಳಿದೆ. ಬಾಗಿಲು, ಚಪ್ಪಲಿ, ಗೇಟು. ಸರಿಯಾದ ಜಾಗದಲ್ಲಿ "ಅಯ್ಯೋ" ಅಂದೆ.

ಮಾರ್ಚ್ 23, ಭಾನುವಾರ

ಮೂರನೇ ಸಲ. ನನ್ನದೇ ತಪ್ಪು, ಗಮನ ರಸ್ತೆಯ ಮೇಲಿತ್ತು. ಅವನು "ಅವಳು..." ಎಂದಷ್ಟೇ ಶುರುಮಾಡಿದ್ದ, ನಾನು "ಅಯ್ಯೋ" ಅಂದುಬಿಟ್ಟೆ. ಅವನಿನ್ನೂ ಏನೂ ಹೇಳಿರಲೇ ಇಲ್ಲ. ಪುಣ್ಯಕ್ಕೆ ಅವನ ಗಮನಕ್ಕೆ ಬರಲಿಲ್ಲ.

ಆದರೆ ಹೀಗೆ ಎಷ್ಟು ದಿನ? ಹೆಂಡತಿಗೆ ಹೇಳಬೇಕಾದ್ದನ್ನು ವಾರಕ್ಕೊಮ್ಮೆ ನನಗೆ ಹೇಳಿ ಹಗುರಾಗಿ ಇಳಿದು ಹೋಗುತ್ತಾನೆ. ಆಕೆ ಅಲ್ಲಿ ಕಾಯುತ್ತಿರಬಹುದು. ನನಗೆಲ್ಲ ಗೊತ್ತೆಂದು ಅವನಿಗೆ ಹೇಳಿಬಿಡಬೇಕು.

ಮಾರ್ಚ್ 25, ಮಂಗಳವಾರ

ಹೇಳಿದೆ. ಹೇಳಬಾರದಿತ್ತು.

ನರ್ಸಿಂಗ್ ಹೋಮಿನ ಲಿಫ್ಟು. ನಾವಿಬ್ಬರೂ ಅದರ ನೆತ್ತಿಯ ಮೇಲೆ, ನಾಲ್ಕು ಮತ್ತು ಐದನೇ ಮಹಡಿಯ ನಡುವೆ, ಹಳಿಗೆ ಗ್ರೀಸ್ ಹಚ್ಚುತ್ತಿದ್ದೆವು. ಕರೆಂಟ್ ಹೋಯಿತು. ಕೂತೆವು. ಎಲ್ಲಿಗೂ ಓಡಿಹೋಗಲಾರ, ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂದುಕೊಂಡೆ. ನಾನೂ ಓಡಿಹೋಗಲಾರೆ ಎಂಬುದು ಹೊಳೆಯಲಿಲ್ಲ.

"ಅತ್ತಿಗೆ ವಿಷಯ ನನಗೆ ಗೊತ್ತು."

ಗ್ರೀಸಿನ ಡಬ್ಬದ ಮುಚ್ಚಳ ಹಾಕಿದ. ನಿಧಾನಕ್ಕೆ. "ಯಾರು ಹೇಳಿದ್ರು?"

"ನೀನೇ. ಮೂರು ಸಲ."

ಡಬ್ಬವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ — "ಅಂದ್ರೆ ನಾವೆಲ್ಲ ಕುಡಿದು ಮಾತಾಡ್ತಾ ಇದ್ರೆ ನೀನು ಸೋಡಾ ಹಿಡ್ಕೊಂಡು ಎಲ್ಲ ತಲೇಲಿ ಬರ್ಕೊಳ್ತಾ ಇದೀಯ."

"ಹಾಗಲ್ಲ..."

"ಮತ್ತೆ ಹೇಗೆ? ಎಲ್ಲರೂ ಬಟ್ಟೆ ಬಿಚ್ಚಿ ನೀರಿಗಿಳಿದಾಗ ಒಬ್ಬ ಮಾತ್ರ ದಡದಲ್ಲಿ ಪ್ಯಾಂಟ್ ಹಾಕ್ಕೊಂಡು ನಿಂತಿದ್ರೆ ಅವನಿಗೆ ಏನಂತಾರೆ?"

ಕರೆಂಟ್ ಬರಲು ಐವತ್ತು ನಿಮಿಷ ಹಿಡಿಯಿತು. ಐವತ್ತೂ ನಿಮಿಷ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಮುಖ ತಿರುಗಿಸಿ ಕೂತಿದ್ದೆವು.

ಏಪ್ರಿಲ್ 4, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ. ಗಡಾರಿ ಜೋಡಿ ಬದಲಾಯಿಸಿಕೊಂಡಿದ್ದಾನೆ. ನನ್ನ ಜೊತೆಗೆ ವಾರ್ತೆಯನ್ನು ಹಾಕಿದ್ದಾರೆ. ಇಡೀ ದಿನ ಒಂದು ಕ್ಷಣ ಬಾಯಿ ಮುಚ್ಚುವುದಿಲ್ಲ, ಸ್ಪ್ಯಾನರ್ ಕೇಳಿದರೆ ಸುತ್ತಿಗೆ ಕೊಡುತ್ತಾನೆ. ಹೋದ ಶನಿವಾರ ನಾನು ಹೋಗಲಿಲ್ಲ. ಇವಳು ಡಬ್ಬಗಳ ವಿಷಯದಲ್ಲಿ ಏನೂ ಅನ್ನಲಿಲ್ಲ. ಅಷ್ಟು ಪಾಪ ಅನಿಸಿರಬೇಕು.

ಕುಡಿಯುವುದು ಬಿಟ್ಟ ಕಾರಣವನ್ನು ಇಲ್ಲಿಯಾದರೂ ಬರೆದಿಡುತ್ತೇನೆ. ಫೆಬ್ರವರಿಯ ಒಂದು ಭಾನುವಾರ ಮಗಳನ್ನು ಕೇಳಿದೆ, ಕಾಲೇಜಿನ ಸೀಟು ಏನಾಯಿತೆಂದು. "ನಿನ್ನೆ ಹೇಳಿದೆನಲ್ಲಪ್ಪ. ಸಿಕ್ತು. ನೀವು ಅತ್ತುಬಿಟ್ರಿ. ನನ್ನ ಕೈ ಹಿಡ್ಕೊಂಡು ಅರ್ಧ ಗಂಟೆ ಏನೇನೋ ಹೇಳಿದ್ರಿ." ಏನು ಹೇಳಿದೆ ಎಂದು ಕೇಳಿದೆ. ನಾಚಿಕೊಂಡು, "ಚೆನ್ನಾಗಿತ್ತು" ಅಂದಳು, ಅಷ್ಟೇ. ಮಗಳಿಗೆ ಜೀವಮಾನದಲ್ಲಿ ಹೇಳಿದ ಒಳ್ಳೆಯ ಮಾತು ಅದೊಂದೇ ಇರಬೇಕು. ಹೇಳುವಾಗ ನಾನೇ ಅಲ್ಲಿರಲಿಲ್ಲ.

ಇದನ್ನು ಬಾರಿನ ಮೇಜಿನಲ್ಲಿ ಹೇಗೆ ಹೇಳುವುದು? ಲಿವರ್ ಅನ್ನುವುದೇ ಸುಲಭ.

ಆದರೂ ನಾಳೆ ಹೋಗುತ್ತೇನೆ. ಒಂದೇ ಒಂದು ಗ್ಲಾಸು ಕುಡಿದರೆ ಅವನು ಮತ್ತೆ ಮಾತಾಡಿಸುವುದಾದರೆ... ಹದಿನೇಳು ವರ್ಷ.

ಏಪ್ರಿಲ್ 6, ಭಾನುವಾರ

ನಿನ್ನೆ ಹೋದವನೇ "ರಮ್" ಅಂದೆ. ಸಪ್ಲೈಯರ್ ಮುಖ ಅರಳಿತು. ಮೇಜಿನ ಸುತ್ತ ಚಪ್ಪಾಳೆ. ವಾರ್ತೆಯಂತೂ ಎದ್ದು ನನ್ನ ಕೈ ಹಿಡಿದುಕೊಂಡ. "ರಿಪೋರ್ಟ್ ನಾರ್ಮಲ್ ಬಂತಾ ಅಣ್ಣ?"

ಗಡಾರಿ ಮೇಜಿನ ಆ ತುದಿಯಲ್ಲಿದ್ದ, ನನ್ನ ಕಡೆ ನೋಡದೆ. ಗ್ಲಾಸು ಬಂತು. ಎತ್ತಿದೆ. ಅದೇ ವಾಸನೆ, ಹಳೆಯ ನೆಂಟನ ಹಾಗೆ. ತುಟಿಯ ಹತ್ತಿರ ಬಂದಿರಬೇಕು, ಮೇಲಿನಿಂದ ಉದ್ದನೆಯ ಕೈಯೊಂದು ಬಂದು ಗ್ಲಾಸನ್ನು ಕಿತ್ತುಕೊಂಡಿತು. ಗಡಾರಿ. ನಿಂತೇ ಗಟಗಟ ಕುಡಿದು ಕೆಳಗಿಟ್ಟ.

"ನೀನೂ ಕುಡಿದ್ರೆ ನಾನು ಹೇಳಿದ್ದನ್ನ ನೆನಪಿಟ್ಕೊಳ್ಳೋರು ಯಾರು?"

ಯಾರಿಗೂ ಅರ್ಥವಾಗಲಿಲ್ಲ. ವಾರ್ತೆಯನ್ನು ಸರಿಸಿ ನನ್ನ ಪಕ್ಕ ಕೂತ. ಆಮೇಲೆ ಒಂದು ತೊಟ್ಟೂ ಮುಟ್ಟಲಿಲ್ಲ. ವ್ಯಾನಿನಲ್ಲಿ ಎಲ್ಲರೂ ಇಳಿದ ಮೇಲೆ:

"ಮೂರು ಸಲಾನೂ ಒಂದೇ ಥರ ಹೇಳಿದೀನಾ?"

"ಎರಡನೇ ಸಲ ಸ್ವಲ್ಪ ಚೆನ್ನಾಗಿತ್ತು."

"ಅವಳಿಗೆ ಹೇಳ್ಬೇಕು ಅಂತ ಹೇಳ್ತೀನಂತಲ್ಲ, ಅದೇನು? ಬೆಳಿಗ್ಗೆ ಎದ್ರೆ ಒಂದೂ ಬರಲ್ಲ ನನಗೆ."

ಹೇಳಿದೆ. ಒಂದೊಂದೇ. ತಾನು ಎಂದೂ ಕೇಳದ ಸಂಗತಿಗಳ ಹಾಗೆ ಕೇಳಿದ. ಕೊನೆಗೆ, "ಇದೆಲ್ಲ ನಾನೇ ಹೇಳಿದ್ದಾ? ಪರವಾಗಿಲ್ವೇ."

ಏಪ್ರಿಲ್ 10, ಗುರುವಾರ

ಮತ್ತೆ ಜೋಡಿ. ಭಾನುವಾರ ಅತ್ತಿಗೆಯನ್ನು ಕರೆಯಲು ಹೋಗುತ್ತಾನಂತೆ. ಊಟದ ಹೊತ್ತಿನಲ್ಲಿ ಮೋಟಾರ್ ರೂಮಿನಲ್ಲಿ ಅದರ ಅಭ್ಯಾಸ. ನಾನು ಅತ್ತಿಗೆ. ಕೈಕಟ್ಟಿ ನಿಂತು, "ಯಾಕೆ ಬಂದ್ರಿ?" ಅಂದೆ.

ಅರ್ಧ ನಿಮಿಷ ಬೆವರಿದ. "ಸ್ಪ್ಯಾನರ್" ಅಂದ.

ಐದನೇ ಸಲಕ್ಕೆ ಬಂತು. ನನ್ನ ಕಣ್ಣಲ್ಲಿ ಕಣ್ಣಿಟ್ಟು, "ನೀನು ಇಲ್ದೆ ಮನೆ ಮನೆ ಥರಾನೇ ಇಲ್ಲ. ನಿನ್ನ ಬಿಟ್ಟು ನನಗೆ ಇರೋಕಾಗಲ್ಲ" ಅಂದ. ದನಿ ನಡುಗಿತು. ನನಗೂ ಕಣ್ಣು ತುಂಬಿ, "ನಿಜವಾಗ್ಲೂ?" ಅಂದೆ.

ಬಾಗಿಲಲ್ಲಿ ಸೂಪರ್‌ವೈಸರ್. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಂದು ಮಾತೂ ಆಡದೆ ಮೆಟ್ಟಿಲಿಳಿದು ಹೋದರು. ನಾಳೆ ವಾರ್ತೆ ಏನು ಬರುತ್ತದೋ. ಲಿವರ್ ವಿಷಯವನ್ನಂತೂ ಎಲ್ಲರೂ ಮರೆಯುತ್ತಾರೆ.

ಸಂಜೆ ಗಡಾರಿ ಹೇಳಿದ, "ಈ ಶನಿವಾರ ನಾನೂ ಹೋಗಲ್ಲ. ಭಾನುವಾರ ಬಾಯಿ ವಾಸನೆ ಬರಬಾರದು. ಅಷ್ಟೇ ಮತ್ತೆ. ಬಿಟ್ಟೆ ಅಂತ ತಿಳ್ಕೋಬೇಡ."

ಏಪ್ರಿಲ್ 13, ಭಾನುವಾರ, ಹನ್ನೊಂದು ಗಂಟೆ

ಅತ್ತಿಗೆಯ ಅಕ್ಕನ ಮನೆಯೆದುರು, ಬಸ್ ಸ್ಟಾಪಿನ ಕಲ್ಲುಬೆಂಚು. ಜೊತೆಗೆ ಬಾ ಎಂದು ಎಳೆದುಕೊಂಡು ಬಂದವನು ಇಲ್ಲಿ ಕೂರಿಸಿ, "ಮರೆತ್ರೆ ತಿರುಗಿ ನೋಡ್ತೀನಿ, ಬಾಯಿ ಆಡಿಸು" ಎಂದು ಹೋಗಿದ್ದಾನೆ. ಸುಮ್ಮನೆ ಕಾಯಲಾಗದೆ ಬರೆಯುತ್ತಾ ಕೂತಿದ್ದೇನೆ.

ಕರೆಗಂಟೆ ಒತ್ತಿದ. ಅಂಗಿಯ ಕಾಲರ್ ಸರಿಮಾಡಿಕೊಂಡ. ಮತ್ತೆ ಒತ್ತಿದ.

ಅತ್ತಿಗೆಯೇ ಬಾಗಿಲು ತೆರೆದರು. ತೆಳ್ಳಗಾಗಿದ್ದಾರೆ. ಬಾಗಿಲಿಗೆ ಅಡ್ಡವಾಗಿ ಕೈಕಟ್ಟಿ ನಿಂತರು.

ಇವನು ತಿರುಗಿ ನನ್ನ ಕಡೆ ನೋಡಿದ. 'ನೀನು ಇಲ್ದೆ' ಎಂದು ಬಾಯಿ ಆಡಿಸಿದೆ. ಬಸ್ಸಿಗೆ ಕಾಯುತ್ತಿದ್ದ ಅಜ್ಜಿ ದೂರ ಸರಿದು ಕೂತರು.

ಶುರುಮಾಡಿದ. ಮಾತಾಡುತ್ತಿದ್ದಾನೆ. ಕೈ ಕೂಡ ಆಡುತ್ತಿದೆ. ನಾನು ಹೇಳಿಕೊಟ್ಟದ್ದು ಇಷ್ಟೊತ್ತಿಗೆ ಮುಗಿಯಬೇಕಿತ್ತು... ಮುಗಿದಿಲ್ಲ. ಇದು ಅದಲ್ಲ. ಇದು ಬೇರೆ ಏನೋ, ನನಗೂ ಹೇಳದೆ ಇದ್ದದ್ದು. ನನ್ನ ಕಡೆ ತಿರುಗುತ್ತಲೇ ಇಲ್ಲ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡಿದ್ದಾರೆ, ಅಳುವೋ ನಗುವೋ ಇಲ್ಲಿಂದ ಕಾಣುವುದಿಲ್ಲ. ಈಗ ಈ ಕಡೆ ನೋಡಿದರು. ನನ್ನನ್ನೇ. ಕೈ ಎತ್ತಿ ಕರೆಯುತ್ತಿದ್ದಾರೆ, ಬೈಯುವುದಕ್ಕೋ ಊಟಕ್ಕೋ —