ಮಂತ್ರಿಗಳ ಕೋಟು

ಮಾರ್ಚ್ 4, ಸೋಮವಾರ, ಬೆಳಿಗ್ಗೆ 6

ಪ್ರಾರ್ಥನೆ ಮುಗಿಸಿ ಇಸ್ತ್ರಿಗೆ ನಿಂತೆ. ತಮ್ಮನ ಐದು ಅಂಗಿ, ಎರಡು ಟೈ. ಟಿವಿಯಲ್ಲಿ ಅವನಿಗಿದು ಹನ್ನೊಂದನೇ ವರ್ಷ. ಪ್ರತಿ ಶುಕ್ರವಾರ ಸಂಜೆ ಮಂತ್ರಿಗಳ ಹಾಗೆ ನಡೆದು, ಕೆಮ್ಮಿ, ಮಾತಾಡಿ ಊರನ್ನೆಲ್ಲ ನಗಿಸುತ್ತಾನೆ. ಅವನ ಬಟ್ಟೆ ಹೊಲಿಯುವುದು ನಾನು. ಸ್ಟುಡಿಯೋದ ಕಾಸ್ಟ್ಯೂಮ್ ರೂಮಿನಲ್ಲಿ ಒಂದು ಮಿಷನ್ನು, ಒಂದು ಕಿಟಕಿ, ನಾನು.

ಮೂರು ವಾರದಿಂದ ಏನೋ ಸರಿಯಿಲ್ಲ. ನಾವು ಶುಕ್ರವಾರ ಹೇಳಬೇಕಾದ ಜೋಕಿಗೆ ಮಂತ್ರಿಗಳು ಗುರುವಾರವೇ ಭಾಷಣದಲ್ಲಿ ಉತ್ತರ ಕೊಟ್ಟಿರುತ್ತಾರೆ. ಜೋಕು ಬರೆದ ಕಾಗದ ಮೊದಲೇ ಹೊರಗೆ ಹೋಗುತ್ತಿದೆ. "ನಮ್ಮೊಳಗಿನವರೇ ಯಾರೋ, ಅಕ್ಕ," ಅಂದ ತಮ್ಮ. ಮೇಕಪ್ಪಿನವಳ ಮೇಲೆ ನನಗೆ ಕಣ್ಣು. ಹೊಸ ಫೋನು ತಗೊಂಡಿದ್ದಾಳೆ, ನನ್ನನ್ನು ಕಂಡರೆ ಪರ್ಸಿನೊಳಗೆ ಹಾಕುತ್ತಾಳೆ. ದೇವರು ಕ್ಷಮಿಸಲಿ.

ಮಾರ್ಚ್ 6, ಬುಧವಾರ

ತಮ್ಮ ಒಂದು ಬೂದು ಕೋಟು ತಂದ. ಮಂತ್ರಿಗಳು ಹಾಕುವಂಥದ್ದೇ. "ಹಳೇ ಬಟ್ಟೆ ಅಂಗಡೀಲಿ ಸಿಕ್ತು. ಸೊಂಟ ಸ್ವಲ್ಪ ಹಿಡಿದುಕೊಡು."

ಹೊಲಿಗೆ ಬಿಚ್ಚಿದೆ. ಎಡ ಭುಜದೊಳಗೆ ಮೂರು ಪದರ ಪ್ಯಾಡು. ಬಲಕ್ಕೆ ಒಂದೇ. ಅಂಗಡಿಯಲ್ಲಿ ಮಾರುವ ಕೋಟನ್ನು ಯಾರೂ ಹೀಗೆ ಹೊಲಿಯುವುದಿಲ್ಲ. ಒಂದು ಭುಜ ತಗ್ಗಿದವರಿಗೆ ಅಳತೆ ತಗೊಂಡು ಹೊಲಿದದ್ದು. ಹೋದ ವರ್ಷ ಮಂತ್ರಿಗಳು ಬರೀ ಅಂಗಿಯಲ್ಲಿ ಗಿಡ ನೆಟ್ಟದ್ದನ್ನು ಟಿವಿಯಲ್ಲಿ ನೋಡಿದ್ದೆ… ಎಡ ಭುಜ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಟೇಪು ಹಿಡಿದವಳ ಕಣ್ಣು.

"ಯಾವ ಅಂಗಡಿ?"

"ಸೊಂಟ ಹಿಡಿ ಅಂದ್ರೆ ಪೊಲೀಸ್ ಕೆಲಸ ಮಾಡ್ತೀಯಲ್ಲ ಅಕ್ಕ."

ನಕ್ಕೆ. ನಗು ತುಟಿಯಿಂದ ಒಳಗೆ ಇಳಿಯಲಿಲ್ಲ.

ಮಾರ್ಚ್ 7, ಗುರುವಾರ

ರಿಹರ್ಸಲ್. ಜೋಕು ಬರೆಯುವವರು ನಿವೃತ್ತ ಮೇಷ್ಟ್ರು. ದಪ್ಪ ಕನ್ನಡಕ, ಕೈಯಲ್ಲಿ ಇನ್ನೂ ಕೆಂಪು ಪೆನ್ನು. ಈ ಸಲ ಹೊಸ ಆಸ್ಪತ್ರೆಯ ಮೇಲೆ ಬರೆದಿದ್ದರು. ಮಂತ್ರಿಗಳು ರಿಬ್ಬನ್ ಕತ್ತರಿಸುತ್ತಾರೆ. ಒಳಗೆ ಹೋದರೆ ಹಾಸಿಗೆ ಇಲ್ಲ, ಔಷಧಿ ಇಲ್ಲ. ಕೊನೆಗೆ ಅದೇ ರಿಬ್ಬನ್ನಿನಿಂದ ರೋಗಿಯ ಗಾಯ ಕಟ್ಟುತ್ತಾರೆ. ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಕಣ್ಣು ಒರೆಸಿಕೊಂಡೆ.

"ಇದು ಬೇಡ ಮೇಷ್ಟ್ರೇ, ಭಾರ ಆಯ್ತು," ಅಂದ ತಮ್ಮ.

"ಭಾರ ನಿಂಗೋ, ಅವರಿಗೋ?"

"ಜನಕ್ಕೆ ನಡಿಗೆ ಸಾಕು."

"ನಡಿಗೆ ಅಣಕಿಸಿದ್ರೆ ಅವರಿಗೇನಪ್ಪಾ ನಷ್ಟ? ನಾಲ್ಕು ಓಟು ಜಾಸ್ತಿ ಬೀಳತ್ತೆ."

ಎಲ್ಲರೂ ನಕ್ಕರು. ತಮ್ಮನೂ. ಆದರೆ ಆ ಹಾಳೆ ಮಡಚಿ ಜೇಬಿಗೆ ಇಳಿಸಿದ. ಬೇಡವಾದ ಹಾಳೆ ಜೇಬಿಗೆ ಯಾಕೆ?

ಮಾರ್ಚ್ 9, ಶನಿವಾರ

ನಿನ್ನೆ ಷೋ ಮುಗಿಸಿ ಕಾರಿನಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದೆ. ನಿದ್ದೆ ಅಂದುಕೊಂಡ. ಫೋನಿನಲ್ಲಿ ಮೆಲ್ಲಗೆ — "ಹೌದು ಸರ್. ಆಸ್ಪತ್ರೆದು ತೆಗೆಸಿದೆ ಸರ್. ಕಳಿಸಿದ್ದೆನಲ್ಲ, ಅದೇ. ಕೋಟು ಚೆನ್ನಾಗಿ ಕೂತ್ಕೊಳ್ತು. ಸಾಹೇಬ್ರು ನಕ್ರಾ ಸರ್?"

ಮೇಕಪ್ಪಿನವಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಇವನನ್ನು ಓದಿಸಿದವಳು ನಾನು. ಪ್ರಾರ್ಥನೆಗೆ ಕೂತರೆ ಮಾತು ಬರುತ್ತಿಲ್ಲ.

ಮಾರ್ಚ್ 20, ಬುಧವಾರ

ಬರೆಯಲು ಕೈ ಏಳಲಿಲ್ಲ ಇಷ್ಟು ದಿನ.

ಇವತ್ತು ಮೇಷ್ಟ್ರನ್ನು ಸ್ಟುಡಿಯೋ ಗೇಟಿನಲ್ಲೇ ತಡೆದರು. ಕಾಗದ ಹೊರಗೆ ಕೊಡುತ್ತಿದ್ದವರು ಅವರೇ ಅಂತೆ. ಮಂಗಳವಾರ ಮ್ಯಾನೇಜರ್ ವಿಚಾರಿಸುತ್ತಾರಂತೆ.

ಊಟಕ್ಕೆ ಕೂತಾಗ ತಮ್ಮ ಅಂದ: "ಮೇಷ್ಟ್ರು ಗೇಟಿನ ಹತ್ರ ಯಾರಿಗೋ ಕವರ್ ಕೊಟ್ಟಿದ್ದು ನಿನ್ನ ಕಿಟಕಿಯಿಂದ ಕಾಣಿಸ್ತು ಅಂತ ಹೇಳಿಬಿಡು. ಅಷ್ಟೇ. ನೀನು ಸುಳ್ಳು ಹೇಳಲ್ಲ ಅಂತ ಎಲ್ಲರಿಗೂ ಗೊತ್ತು."

"ಅದಕ್ಕೇ ನನ್ನ ಬಾಯಿ ಬೇಕಾಯ್ತಾ? ಕಳಿಸ್ತಿರೋನು ನೀನೇ ಅಲ್ವೇನೋ? ಆ ಕೋಟು ಮಂತ್ರಿಗಳದ್ದು. ಭುಜ ಬಿಚ್ಚಿದವಳು ನಾನು. ಕಾರಲ್ಲಿ ನಿದ್ದೆಯೂ ಮಾಡಿರ್ಲಿಲ್ಲ."

ಅವನ ತುತ್ತು ಕೈಯಲ್ಲೇ ನಿಂತಿತು.

"ಕಳಿಸದಿದ್ರೆ ಷೋ ಮುಚ್ಚಿಸ್ತಾರೆ ಅಕ್ಕ. ಅರ್ಧ ನಿಜಾನಾದ್ರೂ ಹೇಳ್ತಿದೀನಿ. ಪೂರ್ತಿ ಹೇಳಿದೋರು ಈಗ ಎಲ್ಲಿದಾರೆ ಹೇಳು?"

"ಅದಕ್ಕೆ ಮೇಷ್ಟ್ರನ್ನ ಬಲಿ ಕೊಡ್ತೀಯಾ?"

ತಲೆ ತಗ್ಗಿಸಿದ. ತಟ್ಟೆ ಪಕ್ಕಕ್ಕೆ ಸರಿಸಿದ. ಹೆದರಿಕೆಯೋ, ಅಭಿನಯವೋ… ಒಡಹುಟ್ಟಿದವಳಿಗೂ ತಿಳಿಯದ ಹಾಗಾಯಿತು.

ಮಾರ್ಚ್ 26, ಮಂಗಳವಾರ, ಮಧ್ಯಾಹ್ನ 3

ಹೇಳಿದೆ. ಮ್ಯಾನೇಜರ್ ರೂಮಿನಲ್ಲಿ, ಮೇಷ್ಟ್ರು, ತಮ್ಮ ಇಬ್ಬರ ಎದುರಿಗೂ. ಮೇಷ್ಟ್ರು ಯಾರಿಗೂ ಏನೂ ಕೊಟ್ಟದ್ದು ನೋಡಿಲ್ಲ. ಕಳಿಸುತ್ತಿರುವವನು ನನ್ನ ತಮ್ಮ.

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದರು. "ಅದು ನಮಗೆ ಗೊತ್ತಿರೋದೇ ಅಮ್ಮ. ನಿಮ್ಮನ್ನ ಅದನ್ನ ಯಾರು ಕೇಳಿದ್ರು?"

ಮೇಷ್ಟ್ರ ಕೆಲಸ ಹೋಯಿತು. ನನ್ನದೂ. ತಮ್ಮ ಗೋಡೆ ನೋಡುತ್ತ ಕೂತಿದ್ದ.

ಬಸ್‌ಸ್ಟಾಪಿನಲ್ಲಿ ನಾವಿಬ್ಬರೇ. ಮೇಷ್ಟ್ರಿಗೆ ಸಿಟ್ಟಿರಲಿಲ್ಲ. "ಇಷ್ಟು ವರ್ಷ ಅವನಿಗೆ ಏನೇನೋ ಹೊಲಿದ್ರಿ. ಒಂದು ಬೆನ್ನುಮೂಳೆ ಹೊಲಿದುಕೊಟ್ಟಿದ್ರೆ ಆಗ್ತಿತ್ತು ಅಮ್ಮ," ಅಂದರು. ಚೀಲದಿಂದ ಆಸ್ಪತ್ರೆಯದರ ಇನ್ನೊಂದು ಪ್ರತಿ ತೆಗೆದುಕೊಟ್ಟರು. "ಇದೊಂದೇ ಉಳಿದಿರೋದು. ನಿಮ್ಮ ಹತ್ರ ಇರಲಿ. ನಮ್ಮನೆ ಹುಡುಕ್ತಾರೆ, ನಿಮ್ಮನೆ ಹುಡುಕಲ್ಲ."

ಅದೇ ದಿನ, ಸಂಜೆ 6

ತಮ್ಮ ಬಂದ. ಶೂ ಬಿಚ್ಚಲಿಲ್ಲ.

"ಆಸ್ಪತ್ರೆದು ನಿನ್ನ ಹತ್ರ ಇದೆ. ಕೊಡಕ್ಕ. ಶುಕ್ರವಾರ ಅದನ್ನೇ ಮಾಡ್ತೀನಿ. ಲೈವ್ ಅಲ್ವಾ, ಮಧ್ಯದಲ್ಲಿ ಯಾರು ತಡೀತಾರೆ?"

ಕಣ್ಣು ಕೆಂಪಾಗಿದೆ. ಅತ್ತಿದ್ದಾನೆ. ಬೇಕೆಂದಾಗ ಅಳಬಲ್ಲವನೂ ಹೌದು.

ಕೊಡಬೇಕು ಅನ್ನಿಸುತ್ತದೆ. ಆದರೆ ನನ್ನ ಹತ್ತಿರ ಇರುವುದು ಇವನಿಗೆ ಹೇಗೆ ಗೊತ್ತು? ಮಂತ್ರಿಗಳ ಕಡೆಯವರೇ ಕಳಿಸಿದ್ದರೆ? ಕೇಳಿದೆ. ತಾನು ಮೇಷ್ಟ್ರಿಗೆ ಫೋನ್ ಮಾಡಿ ಕ್ಷಮೆ ಕೇಳಿದನಂತೆ, ಅವರೇ ಹೇಳಿದರಂತೆ. ಹಾಗಿದ್ದರೆ ಕೊಡುತ್ತೇನೆ. ದೇವರಾಣೆ ಕೊಡುತ್ತೇನೆ. ಬೆಳಗಾಗುವುದರೊಳಗೆ ಕೋಟಿಗೆ ಇಸ್ತ್ರಿಯನ್ನೂ ಹಾಕಿಕೊಡುತ್ತೇನೆ.

ಮೇಷ್ಟ್ರಿಗೆ ಫೋನು ಹಚ್ಚಿ ಮೇಜಿನ ಮೇಲಿಟ್ಟಿದ್ದೇನೆ. ರಿಂಗಾಗುತ್ತಿದೆ. ಸುಮ್ಮನೆ ಕೂರಲಾಗದೆ ಇದನ್ನು ಗೀಚುತ್ತಿದ್ದೇನೆ. ತಮ್ಮ ಬಾಗಿಲಲ್ಲಿ ಕೈಚಾಚಿ ನಿಂತಿದ್ದಾನೆ.

ಎರಡನೇ ಸಲ ಹಚ್ಚಿದೆ.

ಎತ್ತಿ ಮೇಷ್ಟ್ರೇ, ಎತ್ತಿ —